ಪ್ರಾಥಮಿಕ ಶಾಲೆಯೂ ಗ್ರಂಥಭಂಡಾರವೂ

ವಿದ್ಯೆಯು ನಾಲ್ಕು ಪ್ರಕಾರಗಳಿಂದ ಸಫಲವಾಗುವುದೆಂದು ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ನಿರೂಪಿಸಿರುವನು. ಗುರುವಿನಿಂದ ಪಡೆಯುವುದು ಆಗಮಕಾಲ. ತಾನಾಗಿ ಅಭ್ಯಸಿಸುವುದು ಸ್ವಾಧ್ಯಾಯಕಾಲ. ಪರರಿಗೆ ತಿಳಿಸುವುದು ಪ್ರವಚನಕಾಲ. ಕಾರ್ಯದಲ್ಲಿ ಬಳಸುವುದು ವ್ಯವಹಾರಕಾಲ. ಪ್ರಾಥಮಿಕ ಶಾಲೆಯು ಇವುಗಳಲ್ಲಿ ಮುಖ್ಯವಾಗಿ ಮೊದಲನೆಯದನ್ನು ನಡೆಯಿಸಿಕೊಡುತ್ತದೆ. ಪಠ್ಯಪುಸ್ತಕದ ಹೊರತು ಮನೆಯಲ್ಲಿ ಬೇರೊಂದು ಪುಸ್ತಕವನ್ನೇ ಕಾಣದ ಮಗುವಿಗೆ ಸ್ವಾಧ್ಯಾಯವು ಎಲ್ಲಿಂದ ಬರಬೇಕು? ಅಂತಹ ಮಗುವು ಶಾಲೆಯನ್ನು ಬಿಟ್ಟ ಕೆಲವೇ ವರ್ಷಗಳಲ್ಲಿ ಕಲಿತ ಅಕ್ಷರವನ್ನೂ ಮರೆಯಬಹುದು. ಆದುದರಿಂದ ಗ್ರಂಥಭಂಡಾರವು ಶಾಲೆಗೆ ಅಲಂಕಾರವಲ್ಲ. ಅದರ ಉತ್ತರಾರ್ಧವೇ ಆಗಿದೆ.

ಈ ತತ್ತ್ವವು ಬಡೋದಾ ಸಂಸ್ಥಾನದಲ್ಲಿ ಕಾರ್ಯರೂಪಕ್ಕೆ ಬಂದಿತು. ಮೂರನೆಯ ಸಯಾಜಿರಾವ್ ಗಾಯಕವಾಡರು ೧೮೯೩ರಲ್ಲಿ ಅಮರೇಲಿಯ ಭಾಗದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಆರಂಭಿಸಿ, ೧೯೦೬ರಲ್ಲಿ ಅದನ್ನು ಸಂಸ್ಥಾನಕ್ಕೆಲ್ಲ ವಿಸ್ತರಿಸಿದರು. ಅಕ್ಷರವನ್ನು ಕಲಿಸಿದ ಮೇಲೆ ಓದಲು ಪುಸ್ತಕವನ್ನೂ ಒದಗಿಸಬೇಕೆಂದು ಬಗೆದು, ೧೯೧೦ರಲ್ಲಿ ಅಮೆರಿಕದಿಂದ ವಿಲಿಯಮ್ ಬೋರ್ಡನ್ ಎಂಬ ಗ್ರಂಥಭಂಡಾರ ತಜ್ಞರನ್ನು ಕರೆಯಿಸಿದರು. ಮಧ್ಯವರ್ತಿ ಭಂಡಾರದಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ವಿಭಾಗವು ಏರ್ಪಟ್ಟಿತು. ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳು ಗ್ರಾಮದಿಂದ ಗ್ರಾಮಕ್ಕೆ ಸಂಚರಿಸಿದುವು. ಹಲವು ಗ್ರಾಮಗಳಲ್ಲಿ ಶಾಲೆಯ ಉಪಾಧ್ಯಾಯರೇ ಪುಸ್ತಕಪಾಲಕರಾದರು.

ಕರ್ಣಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವು ೧೯೬೫ರಲ್ಲಿ ಆಯಿತು. ೨೦೨೦ರಲ್ಲಿ, ಸಾಂಕ್ರಾಮಿಕ ರೋಗದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ‘ಓದುವ ಬೆಳಕು’ ಎಂಬ ಯೋಜನೆಯಿಂದ ಗ್ರಾಮಪಂಚಾಯತಿಯ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವವು ದೊರೆಯಿತು. ಬಾಗಿಲು ತೆರೆದಂತಾಯಿತು, ಮಗುವನ್ನು ಅದರೊಳಕ್ಕೆ ಕರೆದೊಯ್ಯುವ ಕೈಯಾದರೋ ಉಪಾಧ್ಯಾಯರದೇ.

ಇಲ್ಲಿ ಎರಡು ವಿಘ್ನಗಳುಂಟು. ಒಂದು, ಪುಸ್ತಕವು ಕಳೆದರೆ ದಂಡವನ್ನು ತೆರಬೇಕಾದೀತೆಂಬ ಭಯ. ಈ ಭಯವಿರುವಲ್ಲಿ ಬೀರುವಿಗೆ ಬೀಗವೇ ಗತಿ. ಗ್ರಂಥಗಳಿರುವುದು ಉಪಯೋಗಕ್ಕೆಂಬುದನ್ನೇ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದಾಗಿ ಇರಿಸಿದರು. ಮಕ್ಕಳ ಕೈಯಲ್ಲಿ ಸವೆದ ಪುಸ್ತಕವನ್ನು ನಷ್ಟವೆಂದೆಣಿಸದೆ ವ್ಯಯವೆಂದೆಣಿಸುವುದು ಯುಕ್ತ. ಎರಡನೆಯದು, ಓದಿದುದೆಲ್ಲವನ್ನೂ ಪರೀಕ್ಷೆಗೆ ಗುರಿಮಾಡುವ ಅಭ್ಯಾಸ. ಪ್ರಶ್ನೆಗೆ ಅಂಜಿ ಓದುವ ಮಗುವು ಪ್ರಶ್ನೆಯು ಮುಗಿದೊಡನೆ ಪುಸ್ತಕವನ್ನು ಮುಚ್ಚುವುದು.

ವಾರಕ್ಕೊಂದು ಅವಧಿಯಲ್ಲಿ ಉಪಾಧ್ಯಾಯರು ತರಗತಿಯನ್ನು ಭಂಡಾರಕ್ಕೆ ಕರೆದೊಯ್ಯಲಿ. ಪುಸ್ತಕವನ್ನು ಮಗುವೇ ಆರಿಸಿಕೊಳ್ಳಲಿ. ಪುಸ್ತಕಪಾಲಕರು ಆಗಾಗ್ಗೆ ಶಾಲೆಗೆ ಬಂದು ಹೊಸ ಪುಸ್ತಕಗಳನ್ನು ತೋರಿಸಲಿ. ಇಚ್ಛೆಯುಳ್ಳ ಮಗುವು ಓದಿದ ಕಥೆಯನ್ನು ಸಹಪಾಠಿಗಳಿಗೆ ಹೇಳಲಿ. ಹೀಗೆ ಸ್ವಾಧ್ಯಾಯವು ಪ್ರವಚನಕ್ಕೆ ದಾರಿಯಾಗುವುದು. ನಾಲ್ಕನೆಯದಾದ ವ್ಯವಹಾರವು ದೂರವಿಲ್ಲ: ಓದುಬಾರದ ಅಜ್ಜಿಗೆ ಬಂದ ಕಾಗದವನ್ನು ಮೊಮ್ಮಗಳು ತಡವರಿಸದೆ ಓದಿ ಹೇಳಿದ ದಿನ ಅದೂ ಸಿದ್ಧಿಸಿದಂತೆಯೇ.