ಜ್ವರ ಒಂದೇ, ಅಪ್ಪನಿಗೆ ಮಾತ್ರ ಆಕ್ಸಿಜನ್

2021ರ ಮೇ ತಿಂಗಳು. ಕಾಲೇಜು ಮುಚ್ಚಿ ಊರಿಗೆ ಬಂದಿದ್ದೆ. ಮನೆಯಲ್ಲಿ ಮೊದಲು ಕೋವಿಡ್ ಬಂದದ್ದು ನನಗೆ. ಎರಡು ದಿನ ಜ್ವರ, ಮೈಕೈ ನೋವು, ಸ್ವಲ್ಪ ಕೆಮ್ಮು. ಐದನೇ ದಿನಕ್ಕೆ ಎದ್ದು ಓಡಾಡತೊಡಗಿದೆ. ಅಷ್ಟರಲ್ಲಿ ಅಪ್ಪ ಮಲಗಿದರು.

ಅಪ್ಪನಿಗೆ ಆಗ ಐವತ್ತೆರಡು ವರ್ಷ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. 'ಊಟವೇ ಸೇರ್ತಿಲ್ಲ, ಶುಗರ್ ಎಲ್ಲಿಂದ ಏರುತ್ತೆ?' ಎಂದು ಮಾತ್ರೆ ಬಿಟ್ಟರು. ನಮಗೂ ಅದು ಸರಿ ಎನಿಸಿತು. ದಿನಕ್ಕೆ ಹತ್ತು ಸಲ ಅವರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಿದ್ದ ನಾನು, ಬೀರುವಿನಲ್ಲಿದ್ದ ಗ್ಲುಕೋಮೀಟರನ್ನು ಒಮ್ಮೆಯೂ ಹೊರತೆಗೆಯಲಿಲ್ಲ.

ಆಮ್ಲಜನಕ 88ಕ್ಕೆ ಇಳಿದಾಗ ಆಸ್ಪತ್ರೆಗೆ ಓಡಿದೆವು. ವೈದ್ಯರು ಮೊದಲು ಕೇಳಿದ್ದು, 'ಶುಗರ್ ಎಷ್ಟಿದೆ?' ನಮ್ಮಲ್ಲಿ ಉತ್ತರವಿರಲಿಲ್ಲ. ಚುಚ್ಚಿ ನೋಡಿದರೆ 386!

ತಿನ್ನದವರಿಗೆ ಶುಗರ್ ಏರುವುದು ಹೇಗೆ? ಅದು ನನಗೆ ಅರ್ಥವಾದದ್ದು ಆಮೇಲೆ. ಸೋಂಕು ತಗುಲಿದಾಗ ದೇಹ ಕಾರ್ಟಿಸಾಲ್, ಅಡ್ರಿನಲಿನ್‌ನಂಥ ಹಾರ್ಮೋನುಗಳನ್ನು ಹೆಚ್ಚು ಸ್ರವಿಸುತ್ತದೆ. ಇವು ಯಕೃತ್ತಿನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ, ಇನ್ಸುಲಿನ್ ಕೆಲಸಕ್ಕೂ ಅಡ್ಡಿಯಾಗುತ್ತವೆ. ಹೀಗೆ ಏರಿದ ಸಕ್ಕರೆ, ವೈರಿಯ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳನ್ನು ಮಂಕಾಗಿಸುತ್ತದೆ. ಸೋಂಕು ಬಲಿತಷ್ಟೂ ಶುಗರ್ ಏರುತ್ತದೆ, ಶುಗರ್ ಏರಿದಷ್ಟೂ ಸೋಂಕು ಬಲಿಯುತ್ತದೆ. ಜೊತೆಗೆ ಮಧುಮೇಹಿಗಳ ದೇಹದಲ್ಲಿ ಮೊದಲೇ ಸಣ್ಣ ಮಟ್ಟದ ಉರಿಯೂತ ಇರುತ್ತದೆ. ವೈರಸ್ ಬಂದಾಗ ಅದು ಹೆಚ್ಚಿ ಶ್ವಾಸಕೋಶವನ್ನೇ ಘಾಸಿಗೊಳಿಸಬಹುದು.

ಅಪ್ಪನಿಗೆ ಉಸಿರು ಉಳಿಸಲು ಸ್ಟಿರಾಯ್ಡ್ ಕೊಡಬೇಕಾಯಿತು. ಆಕ್ಸಿಜನ್ ಬೇಕಾದ ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಸಾವನ್ನು ತಗ್ಗಿಸುತ್ತದೆ ಎಂಬುದು 2020ರಲ್ಲೇ ಬ್ರಿಟನ್ನಿನ ರಿಕವರಿ ಪ್ರಯೋಗದಿಂದ ಗೊತ್ತಾಗಿತ್ತು. ಆದರೆ ಅದೇ ಔಷಧ ಶುಗರ್ ಏರಿಸುತ್ತದೆ. ಹೀಗಾಗಿ ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಅದೇ ತಿಂಗಳು ದೇಶದ ತುಂಬ ಕಪ್ಪು ಶಿಲೀಂಧ್ರದ ಸುದ್ದಿ. ಹತೋಟಿ ತಪ್ಪಿದ ಶುಗರ್ ಮತ್ತು ಸ್ಟಿರಾಯ್ಡ್ ಸೇರಿದಲ್ಲೇ ಅದು ಹೆಚ್ಚು ಕಾಣಿಸುತ್ತಿತ್ತು. ನರ್ಸ್ ಟಾರ್ಚ್ ಹಿಡಿದು ಅಪ್ಪನ ಬಾಯಿ, ಮೂಗು ನೋಡುವಾಗೆಲ್ಲ ನನ್ನ ಎದೆ ನಡುಗುತ್ತಿತ್ತು. ರೋಗವನ್ನು ಮನೆಗೆ ತಂದವನು ನಾನೇ ಅಲ್ಲವೇ?

ಹದಿನಾಲ್ಕು ದಿನಗಳ ನಂತರ ಅಪ್ಪ ಮನೆಗೆ ಬಂದರು. ಎಲ್ಲರ ಮನೆಯಲ್ಲೂ ಹಾಗಾಗಲಿಲ್ಲ.

ಇದು ಕೋವಿಡ್ ಕಾಲದ ಹಳೆಯ ಕತೆ ಎಂದುಕೊಳ್ಳಬೇಡಿ. 2009ರ ಎಚ್1ಎನ್1 ಜ್ವರದಲ್ಲೂ ಮಧುಮೇಹ, ಬೊಜ್ಜು ಇದ್ದವರೇ ಹೆಚ್ಚು ನರಳಿದರು. ಹೊಟ್ಟೆಯ ಬೊಜ್ಜು ವಪೆಯನ್ನು ಒತ್ತಿ, ಶ್ವಾಸಕೋಶ ಪೂರ್ತಿ ಹಿಗ್ಗದಂತೆ ಮಾಡುತ್ತದೆ. ವರ್ಷವರ್ಷವೂ ಬರುವ ಫ್ಲೂ ಇವರಿಗೆ ಬರೀ ನೆಗಡಿಯಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ದಿನವಿಡೀ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ, ರಾತ್ರಿ ಪರೋಟ, ಕೋಲಾದಲ್ಲಿ ಊಟ ಮುಗಿಸುವ ನಾವೂ ಆ ಹೊಸ್ತಿಲಿನಿಂದ ಬಹಳ ದೂರವಿಲ್ಲ.

ಹಾಗೆಂದು ಮಧುಮೇಹ ಇರುವವರೆಲ್ಲ ಹೆದರಬೇಕಿಲ್ಲ. ಶುಗರ್ ಹತೋಟಿಯಲ್ಲಿದ್ದರೆ ಅಪಾಯ ಬಹಳ ತಗ್ಗುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಪ್ರತಿವರ್ಷದ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಜ್ವರ ಬಂದಾಗ ನಾವಾಗಿಯೇ ಮಾತ್ರೆ ನಿಲ್ಲಿಸುವುದು ಬೇಡ, ಅದನ್ನೂ ವೈದ್ಯರೇ ಹೇಳಲಿ.

ಈಗ ನಾನು ಬೆಂಗಳೂರಿನ ಪಿಜಿಯಲ್ಲಿದ್ದು ಕೆಲಸ ಹುಡುಕುತ್ತಿದ್ದೇನೆ. ನೆಗಡಿಯಿದ್ದರೆ ಆ ವಾರ ಊರಿಗೆ ಹೋಗುವುದಿಲ್ಲ. ಅನಿವಾರ್ಯವಾದರೆ ಮಾಸ್ಕ್ ಹಾಕಿಕೊಂಡೇ ಒಳಗೆ ಕಾಲಿಡುತ್ತೇನೆ. ಗ್ಲುಕೋಮೀಟರ್ ಬೀರುವಿನಿಂದ ಟಿ.ವಿ. ಪಕ್ಕಕ್ಕೆ ಬಂದಿದೆ. ಅಪ್ಪನಿಗೆ ಮೈ ಬಿಸಿಯಾದರೆ ಅಮ್ಮ ಫೋನಿನಲ್ಲಿ ಈಗ ಎರಡು ಅಂಕಿ ಹೇಳುತ್ತಾಳೆ, ಜ್ವರ ಎಷ್ಟು, ಶುಗರ್ ಎಷ್ಟು ಎಂದು. ನಿಮ್ಮ ಮನೆಯ ಗ್ಲುಕೋಮೀಟರ್ ಎಲ್ಲಿದೆ, ಇವತ್ತೇ ಒಮ್ಮೆ ಕೇಳಿ ನೋಡಿ.