ಅಜ್ಜಿಯ ಚೊಂಬು, ಮೊಮ್ಮಗಳ ಲೆಕ್ಕ

ಕಳೆದ ಬೇಸಿಗೆಯಲ್ಲಿ ಒಂದು ದಿನ ನಮ್ಮ ಪುಟ್ಟನಿಗೆ ಬೆಳಗಿನಿಂದ ನಾಲ್ಕೈದು ಸಲ ಭೇದಿಯಾಯಿತು. ಔಷಧಿ ಅಂಗಡಿಯಿಂದ ಓಆರ್‌ಎಸ್ ಪೊಟ್ಟಣ ತರಿಸಿದೆ. ಕುದಿಸಿ ಆರಿಸಿದ ನೀರು ತುಂಬಿದ ಚೊಂಬಿಗೆ ಅಷ್ಟನ್ನೂ ಸುರಿದು ಕಲಕುತ್ತಿದ್ದೆ. ಪಿಯುಸಿ ಓದುವ ಮೊಮ್ಮಗಳು ಖಾಲಿ ಪೊಟ್ಟಣ ಎತ್ತಿ ನೋಡಿದಳು.

"ಅಜ್ಜೀ, ತಡಿ! ಒಂದು ಲೀಟರಿಗೆ ಅಂತ ಬರೆದಿದೆ. ನಿನ್ನ ಚೊಂಬು ಎಷ್ಟು ಹಿಡಿಯುತ್ತೆ?"

ನಲವತ್ತು ವರ್ಷದ ಚೊಂಬು, ಅಳೆದವರು ಯಾರು? ತೊಳೆದಿಟ್ಟ ಲೀಟರ್ ಬಾಟಲಿಗೆ ಅದನ್ನು ಸುರಿದಳು. ಅರ್ಧಕ್ಕೇ ನಿಂತಿತು! ಮಗುವಿಗೆ ಎರಡು ಪಟ್ಟು ಗಟ್ಟಿ ದ್ರಾವಣ ಕುಡಿಸಲು ಹೊರಟಿದ್ದೆ.

ಆಮೇಲೆ ಅವಳು ನನಗೆ ಲೆಕ್ಕ ಹೇಳಿಕೊಟ್ಟಳು. ಹನ್ನೆರಡು ಬಾಳೆಹಣ್ಣಿಗೆ ಡಜನ್ ಅನ್ನುತ್ತೇವಲ್ಲ, ಹಾಗೆ ಕಣಗಳ ಒಂದು ದೊಡ್ಡ ಎಣಿಕೆಗೆ ಮೋಲ್ ಎನ್ನುತ್ತಾರೆ. 180 ಗ್ರಾಂ ಗ್ಲೂಕೋಸ್ ಒಂದು ಮೋಲ್. ಅದನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ನೀರು ಸೇರಿಸುತ್ತ ಸರಿಯಾಗಿ ಒಂದು ಲೀಟರ್ ಗೆರೆಗೆ ತಂದರೆ ಅದು ಒಂದು ಮೋಲಾರ್ ದ್ರಾವಣ. ಮೊದಲೇ ಒಂದು ಲೀಟರ್ ನೀರಿಟ್ಟು 180 ಗ್ರಾಂ ಸುರಿದರೆ ಮಟ್ಟ ಗೆರೆ ದಾಟಿಬಿಡುತ್ತದೆ, ಲೆಕ್ಕ ತಪ್ಪುತ್ತದೆ. ಪೊಟ್ಟಣದಲ್ಲಿ ಇರುವುದೇ 20.5 ಗ್ರಾಂ ಆದ್ದರಿಂದ ಮನೆಯಲ್ಲಿ ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪೊಟ್ಟಣದ ಗ್ಲೂಕೋಸ್ 13.5 ಗ್ರಾಂ. 180ರಿಂದ ಭಾಗಿಸಿದರೆ 0.075 ಮೋಲ್, ಅಂದರೆ 75 ಮಿಲಿಮೋಲ್. ಉಪ್ಪು ಮತ್ತು ಸಿಟ್ರೇಟ್‌ನಿಂದ ಬರುವ ಸೋಡಿಯಂ ಕೂಡ 75! ಇದು ಕಾಕತಾಳೀಯವಲ್ಲ. ಭೇದಿಯಾಗುತ್ತಿದ್ದರೂ ಕರುಳು ಗ್ಲೂಕೋಸನ್ನು ಸೋಡಿಯಂ ಜೊತೆಯಲ್ಲಿ ಒಳಗೆ ಬಿಟ್ಟುಕೊಳ್ಳುತ್ತದೆ. ಅವುಗಳ ಬೆನ್ನಿಗೇ ನೀರೂ ಹೋಗುತ್ತದೆ. ಒಂದು ಲೀಟರ್ ಓಆರ್‌ಎಸ್‌ನಲ್ಲಿ ಕರಗಿದ ಕಣಗಳೆಲ್ಲ ಸೇರಿ 245 ಮಿಲಿಮೋಲ್. ನಮ್ಮ ರಕ್ತದಲ್ಲಿ ಸುಮಾರು 290. ನನ್ನ ಚೊಂಬಿನಲ್ಲಿ 490 ಆಗಿತ್ತು! ಅಷ್ಟು ಗಟ್ಟಿಯಾದರೆ ನೀರು ಒಳಗೆ ಹೋಗುವ ಬದಲು ಮೈಯಿಂದಲೇ ಕರುಳಿಗೆ ಇಳಿಯುತ್ತದೆ, ಭೇದಿ ಹೆಚ್ಚುತ್ತದೆ. "ಗಟ್ಟಿಯಾಗಿದ್ದರೆ ಬೇಗ ಗುಣ" ಎಂದುಕೊಳ್ಳುವ ನನ್ನಂಥ ಅಜ್ಜಿಯರು ಇದನ್ನು ಗಮನಿಸಬೇಕು.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ನೆಚ್ಚಿದ್ದು ಇಂಥದೇ ಅಳತೆಯನ್ನು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಡ್ರಮ್ಮುಗಳಲ್ಲಿ ಕಲಸಿಟ್ಟ ಆ ನೀರನ್ನು ಮನೆಯವರೇ ರೋಗಿಗಳಿಗೆ ಕುಡಿಸಿದರು. ಸಾವಿರಾರು ಜೀವ ಉಳಿದವು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು.

ನಮ್ಮ ಬಾಟಲಿಯನ್ನು ಮೊಮ್ಮಗಳು ಆರಿಸಿದ ನೀರಿನಿಂದ ಲೀಟರಿನವರೆಗೆ ತುಂಬಿದಳು. ಪುಟ್ಟ ಚಮಚ ಚಮಚವಾಗಿ ಕುಡಿದ. ಮಧ್ಯಾಹ್ನ ವೈದ್ಯರಿಗೂ ತೋರಿಸಿದೆವು. ಸಂಜೆಗೆ ಮೊಸರನ್ನ ಕೇಳಿದ. ಮಿಕ್ಕ ದ್ರಾವಣವನ್ನು ಮರುದಿನ ಚೆಲ್ಲಿದೆ, ಒಂದು ದಿನ ಕಳೆದ ಮೇಲೆ ಇಡಬಾರದು.

ಚೊಂಬಿನ ಹೊಟ್ಟೆಯ ಮೇಲೆ ಈಗ ಕೆಂಪು ಉಗುರುಬಣ್ಣದಲ್ಲಿ 500 ಎಂದು ಬರೆದಿದೆ. ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ.