ಗಲಾಟೆ ಅಡಗಿದರೆ ಸಾಲದು

ಜಿಲ್ಲಾಸ್ಪತ್ರೆಯೊಂದರ ವ್ಯಸನಮುಕ್ತಿ ವಾರ್ಡಿನ ಮಂಚದ ಮೇಲೆ ಕೂತು ಆ ಲಾರಿ ಡ್ರೈವರ್ ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸುತ್ತಿದ್ದರು. ನಡುನಡುವೆ ಹೊದಿಕೆಯ ಮೇಲೆ ಕಾಣುವ, ಆದರೆ ಇಲ್ಲದ ಹುಳುಗಳನ್ನು ಹೆಕ್ಕಿ ಎಸೆಯುತ್ತಿದ್ದರು. ಮೈಯೆಲ್ಲ ಬೆವರು. ಕುಡಿತ ಬಿಟ್ಟು ಮೂರನೇ ದಿನ.

‘ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ ಡಾಕ್ಟ್ರೇ’ ಎಂದು ಹೆಂಡತಿ ಅಂಗಲಾಚಿದರು.

‘ಕೊಡ್ತೀವಮ್ಮ, ಆದ್ರೆ ಬರೀ ಗಲಾಟೆ ನಿಲ್ಸಿದ್ರೆ ಆಗಲ್ಲ’ ಎಂದ ವೈದ್ಯೆ, ಲೊರಾಜೆಪಾಮ್ ತರಲು ಸಿಸ್ಟರ್‌ಗೆ ಹೇಳಿದರು. ಹ್ಯಾಲೋಪೆರಿಡಾಲ್ ಯಾಕಿಲ್ಲ ಎಂದು ಕೇಳಿದೆ. ‘ಮೊದಲು ಇದು. ಆಮೇಲೂ ಭ್ರಮೆ ಉಳಿದ್ರೆ ಜೊತೆಗೆ ಅದು.’

ಈ ‘ಮೊದಲು’ ಮತ್ತು ‘ಆಮೇಲೆ’ಯಲ್ಲಿ ಜೀವ ಉಳಿಯುತ್ತದೆ. ಮದ್ಯವು ಮಿದುಳನ್ನು ಶಮನಗೊಳಿಸುವ ಗಾಬಾ ವ್ಯವಸ್ಥೆಗೆ ಬಲ ಕೊಡುತ್ತದೆ. ವರ್ಷಗಟ್ಟಲೆ ಕುಡಿದವರ ಮಿದುಳು ಅದಕ್ಕೆದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ಉದ್ರೇಕಕ್ಕೆ ಕಡಿವಾಣವಿಲ್ಲ: ಮೊದಲೆರಡು ದಿನಗಳಲ್ಲಿ ಫಿಟ್ಸ್, ಆಮೇಲೆ ಡೆಲಿರಿಯಂ ಟ್ರೆಮೆನ್ಸ್, ಅಂದರೆ ಆ ಡ್ರೈವರ್‌ಗೆ ಬಂದಂಥ ಭ್ರಮೆ, ಗೊಂದಲ. ಲೊರಾಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್ ಗಾಬಾದ ಮೇಲೇ ಕೆಲಸ ಮಾಡುತ್ತವೆ. ಹ್ಯಾಲೋಪೆರಿಡಾಲ್ ತಡೆಯುವುದು ಡೋಪಮೈನನ್ನು. ಅದೊಂದನ್ನೇ ಕೊಟ್ಟರೆ ಕೂಗಾಟ ಅಡಗೀತು, ಫಿಟ್ಸಿನ ಅಪಾಯ ಮಾತ್ರ ಹೆಚ್ಚುತ್ತದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ 1969ರ ಅಧ್ಯಯನದಲ್ಲೂ ಹೀಗೇ ಆಯಿತು. ಕ್ಲೋರ್‌ಡಯಜೆಪಾಕ್ಸೈಡ್ ಪಡೆದವರಿಗಿಂತ ಹ್ಯಾಲೋಪೆರಿಡಾಲಿನಂತೆಯೇ ಡೋಪಮೈನ್ ತಡೆಯುವ, ಮನೋವಿಕಾರದ ಹಳೆಯ ಔಷಧ ಕ್ಲೋರ್‌ಪ್ರೊಮಜೈನ್ ಪಡೆದವರಲ್ಲಿ ಫಿಟ್ಸ್ ಹೆಚ್ಚು ಕಂಡವು.

ಹಾಗೆಂದು ಹ್ಯಾಲೋಪೆರಿಡಾಲನ್ನು ದೂರಲು ನನಗೆ ಮನಸ್ಸಿಲ್ಲ. ಅದರ ಹುಟ್ಟೇ ಒಂದು ಸೊಗಸು. ಬೆಲ್ಜಿಯಂನ ಬೀರ್ಸೆಯಲ್ಲಿ ಪೌಲ್ ಯಾನ್ಸೆನ್ ತಂಡ ಬಲವಾದ ನೋವುನಿವಾರಕ ಹುಡುಕುತ್ತಿತ್ತು. ಪೆಥಿಡಿನ್‌ನ ವಂಶದ ಅಣುಗಳನ್ನು ಬದಲಿಸುತ್ತ ಹೋದಾಗ, ಇಲಿಗಳು ನೋವು ಮರೆಯುವುದರ ಜೊತೆಗೆ ವಿಚಿತ್ರವಾಗಿ ಸ್ತಬ್ಧವಾದವು. ಆ ಜಾಡು ಹಿಡಿದು 1958ರ ಫೆಬ್ರುವರಿಯಲ್ಲಿ ತಯಾರಾದದ್ದು ಆರ್ 1625, ಅಂದರೆ ಹ್ಯಾಲೋಪೆರಿಡಾಲ್. ಇದರಲ್ಲಿ ಸೈಕಲ್ ರೇಸಿನ ಪಾಲೂ ಇದೆ ಎನ್ನುತ್ತಾರೆ: ದಣಿವು ತಡೆಯಲು ಆಂಫೆಟಮಿನ್ ನುಂಗಿ ಅನುಮಾನದ ಹುಚ್ಚಿಗೆ ಬಿದ್ದ ಸವಾರರ ಸುದ್ದಿ, ಆಂಫೆಟಮಿನ್ನಿಗೆ ಎದುರಾಗುವ ಔಷಧ ಹುಡುಕಲು ಯಾನ್ಸೆನ್‌ಗೆ ಪ್ರೇರಣೆಯಾಯಿತಂತೆ.

ನಮ್ಮ ನೆರೆಯ ವೆಲ್ಲೂರು ಈ ಔಷಧಕ್ಕೆ ಒಳ್ಳೆಯ ಜೊತೆಯನ್ನು ಪರೀಕ್ಷಿಸಿತು. 2004ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗದಲ್ಲಿ, ಮಾನಸಿಕ ಕಾಯಿಲೆಯಿಂದ ಉದ್ರಿಕ್ತರಾದ 200 ಮಂದಿಯಲ್ಲಿ ಹ್ಯಾಲೋಪೆರಿಡಾಲ್–ಪ್ರೊಮೆಥಜೈನ್ ಜೋಡಿ ಲೊರಾಜೆಪಾಮ್‌ಗಿಂತ ಬೇಗ ಶಾಂತಿ ತಂದಿತು. ಆದರೆ ಒಂದೇ ಬಗೆಯ ಕೂಗಾಟಕ್ಕೆ ಬೇರೆಬೇರೆ ಕಾರಣಗಳಿರುತ್ತವೆ; ಯಾವುದೆಂದು ತಿಳಿಯದೆ ಔಷಧ ಆರಿಸಲಾಗದು.

ಆದ್ದರಿಂದ ಮನೆಯವರಲ್ಲಿ ನನ್ನ ವಿನಂತಿ ಇಷ್ಟೇ: ಮರ್ಯಾದೆಗೆ ಅಂಜಿ ಕುಡಿತವನ್ನು ಮುಚ್ಚಿಡಬೇಡಿ. ದಿನಕ್ಕೆಷ್ಟು ಕುಡಿಯುತ್ತಿದ್ದರು, ಕೊನೆಗೆ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ಡಾಕ್ಟರು ಕೇಳುವ ಮೊದಲೇ ಹೇಳಿಬಿಡಿ.